ವೀಲ್‌ಗಿಂತ ಮೊದಲು ಬ್ರೇಕ್ ಆರಿಸಿದೆ

ರೇಸಿಂಗ್ ಆಟಕ್ಕೆ ಸ್ಟೀರಿಂಗ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಮೋಟರಿನ ಮೇಲೆ. ಎಷ್ಟು ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ), ಗೇರೋ, ಬೆಲ್ಟೋ, ಡೈರೆಕ್ಟ್ ಡ್ರೈವೋ ಎಂಬಲ್ಲೇ ಲೆಕ್ಕಾಚಾರವೆಲ್ಲ ಮುಗಿದುಹೋಗುತ್ತದೆ. ಪೆಡಲ್ ಜೊತೆಗೆ ಬಂದದ್ದೇ ಸಾಕು, ಕೂರಲು ಮನೆಯಲ್ಲಿರುವ ಕುರ್ಚಿಯೇ ಸಾಕು ಅಂದುಕೊಳ್ಳುತ್ತಾರೆ. ನಾನು ಆರಿಸಿದ ಕ್ರಮ ಇದಕ್ಕೆ ತಲೆಕೆಳಗು. ಯಾವ ಯಂತ್ರದಲ್ಲಿ ಆಡುವುದು ಎಂಬುದು ಮೊದಲು, ಕೂರುವ ಮತ್ತು ಬಿಗಿಯುವ ಏರ್ಪಾಡು ಆಮೇಲೆ, ಅದಾದ ಮೇಲೆ ಬ್ರೇಕ್ ಪೆಡಲ್, ಎಲ್ಲಕ್ಕಿಂತ ಕೊನೆಗೆ ವೀಲ್ ಬೇಸ್, ಅಂದರೆ ವೀಲನ್ನು ತಿರುಗಿಸುವ ಮೋಟರಿನ ಪೆಟ್ಟಿಗೆ.

ಯಂತ್ರದ ವಿಷಯ ಬೇಗ ಮುಗಿಸೋಣ. ಕಂಪ್ಯೂಟರಿನಲ್ಲಿ ಆಡುವವರಿಗೆ ಹೆಚ್ಚುಕಡಿಮೆ ಎಲ್ಲ ವೀಲೂ ನಡೆಯುತ್ತದೆ. ಕನ್ಸೋಲಿನವರಿಗೆ ಹಾಗಲ್ಲ, ಪರವಾನಗಿಯ ಚಿಪ್ ಬೇಕು. ಲಾಜಿಟೆಕ್ ಜಿ29 ಪ್ಲೇಸ್ಟೇಷನ್‌ಗೆ, ನೋಡಲು ಅದರಂತೆಯೇ ಇರುವ ಜಿ920 ಎಕ್ಸ್‌ಬಾಕ್ಸ್‌ಗೆ. ಅದಲು ಬದಲಾದರೆ ಕನ್ಸೋಲ್ ಗುರುತೇ ಹಿಡಿಯುವುದಿಲ್ಲ. ಫ್ಯಾನಟೆಕ್‌ನಲ್ಲಿ ಇನ್ನೊಂದು ಸುಳಿಯಿದೆ: ಪ್ಲೇಸ್ಟೇಷನ್ ಪರವಾನಗಿ ಬೇಸ್‌ನಲ್ಲಿರುತ್ತದೆ, ಎಕ್ಸ್‌ಬಾಕ್ಸ್ ಪರವಾನಗಿ ಕೈಯಲ್ಲಿ ಹಿಡಿಯುವ ವೀಲ್‌ನಲ್ಲಿರುತ್ತದೆ. ಮೋಝಾ ಆರ್5 ಕಂಪ್ಯೂಟರಿಗೆ ಮಾತ್ರ. ಪೆಟ್ಟಿಗೆಯ ಮೇಲಿನ ಗುರುತು ನೋಡದೆ ಹಣ ಕೊಡಬೇಡಿ. ಒಂದು ಕಂಪನಿಯ ಪೆಡಲನ್ನು ಇನ್ನೊಂದರ ಬೇಸ್‌ಗೆ ಸಿಕ್ಕಿಸುವ ಆಸೆಯೂ ಕಂಪ್ಯೂಟರಿನಲ್ಲಿ ಮಾತ್ರ ಸುಲಭ. ಅಲ್ಲಿ ಪೆಡಲನ್ನು ನೇರವಾಗಿ ಯುಎಸ್‌ಬಿಗೆ ಚುಚ್ಚಿದರೆ ಬೇರೆಯೇ ಸಾಧನವಾಗಿ ಕಾಣಿಸಿಕೊಳ್ಳುತ್ತದೆ. ಕನ್ಸೋಲಿನಲ್ಲಿ ಪೆಡಲ್ ಸಾಮಾನ್ಯವಾಗಿ ಬೇಸ್ ಮೂಲಕವೇ ಹೋಗಬೇಕು.

ಕುರ್ಚಿ ಜಾರಿದರೆ ಬ್ರೇಕ್ ಇಲ್ಲ

ಗಾಲಿಯ ಕುರ್ಚಿಯಲ್ಲಿ ಕೂತು ಗಟ್ಟಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಕೆಳಗಿಳಿಯುವ ಬದಲು ನೀವೇ ಹಿಂದಕ್ಕೆ ಹೋಗುತ್ತೀರಿ. ನಾನು ಇದನ್ನು ಮುಳ್ಳಿನ ತೂಕದ ಯಂತ್ರದಿಂದ ಅಳೆದೆ. ಯಂತ್ರವನ್ನು ಗೋಡೆಗೆ ನಿಲ್ಲಿಸಿ, ಮುಳ್ಳನ್ನು ಸೊನ್ನೆಗೆ ತಂದು, ಕುರ್ಚಿಯಲ್ಲಿ ಕೂತು ಪಾದದಿಂದ ಒತ್ತಿದೆ. ನುಣುಪು ನೆಲದ ಮೇಲೆ ಮುಳ್ಳು 10 ಕೆಜಿ ಮುಟ್ಟುವ ಮೊದಲೇ ಕುರ್ಚಿ ಜಾರಿತು. ಅದೇ ಗೋಡೆ, ಅದೇ ಯಂತ್ರ, ಆದರೆ ಬೆನ್ನಿಗೆ ಆಸರೆಯಿರುವ ಅಲುಗದ ಸೀಟಿನಲ್ಲಿ ಕೂತು ಒಂದೇ ಕಾಲಲ್ಲಿ ಒತ್ತಿದಾಗ ಮುಳ್ಳು 70 ದಾಟಿತು. ಬ್ರೇಕ್ ಪೆಡಲಿಗೆ ಎಷ್ಟೇ ಖರ್ಚು ಮಾಡಿ, ಹಿಂದೆ ಆಸರೆ ಇಲ್ಲದಿದ್ದರೆ ಅದು 10 ಕೆಜಿಯ ಪೆಡಲೇ.

ದುಬಾರಿ ರಿಗ್ (ಸೀಟು, ಪೆಡಲ್, ವೀಲ್ ಎಲ್ಲವನ್ನೂ ಬಿಗಿಯುವ ಚೌಕಟ್ಟು) ಇಲ್ಲದೆಯೂ ಇದಕ್ಕೆ ದಾರಿಯಿದೆ. ಕುರ್ಚಿಯನ್ನೂ ಪೆಡಲನ್ನೂ ಒಂದೇ ಹಲಗೆಯ ಮೇಲೆ ತರುವುದು. ನಾನು 18 ಮಿ.ಮೀ. ಪ್ಲೈವುಡ್ ಹಲಗೆಯ ಒಂದು ತುದಿಗೆ ಪೆಡಲನ್ನು ಬೋಲ್ಟ್ ಹಾಕಿ ಕೂರಿಸಿ, ಇನ್ನೊಂದು ತುದಿಯಲ್ಲಿ ಗಾಲಿ ಕಳಚಿದ ಕುರ್ಚಿ ನಿಲ್ಲಿಸಿ, ಅದರ ಕಾಲುಗಳ ಹಿಂದೆ ಮರದ ಪಟ್ಟಿ ಬಿಗಿದೆ. ಪೆಡಲ್ ಮುಂದಕ್ಕೆ ತಳ್ಳುತ್ತದೆ, ಸೀಟು ಹಿಂದಕ್ಕೆ ತಳ್ಳುತ್ತದೆ, ಎರಡೂ ಹಲಗೆಯೊಳಗೇ ತೀರಿಹೋಗುತ್ತವೆ. ನೆಲದ ಹಿಡಿತವನ್ನು ನಂಬುವ ಗೊಡವೆಯೇ ಇಲ್ಲ. ಹಲಗೆಯನ್ನೂ ಬೇಡ ಎನ್ನುವವರು ಕುರ್ಚಿಯ ನಡುಗಂಬಕ್ಕೂ ಪೆಡಲ್ ಪೆಟ್ಟಿಗೆಗೂ ಲಗೇಜ್ ಪಟ್ಟಿ ಕಟ್ಟಬಹುದು. ಕೆಲಸ ಮಾಡುತ್ತದೆ, ಆದರೆ ಪಟ್ಟಿ ಎಳೆದುಕೊಳ್ಳುವಷ್ಟು ಹೊತ್ತು ಪಾದಕ್ಕೆ ಹುಸಿ ಅನುಭವ.

ಅಲ್ಯೂಮಿನಿಯಂ ಪ್ರೊಫೈಲ್ ರಿಗ್ ಕಟ್ಟುವವರು ಉದ್ದದ ಕಂಬಿಗಳಿಗೆ 40x80 ಮಿ.ಮೀ. ಅಳತೆ, ಎಂ8 ಬೋಲ್ಟ್, ಟಿ-ನಟ್ ಹಾಕಿಕೊಂಡರೆ ಸಾಕಷ್ಟು ಗಟ್ಟಿ. ಎಲ್ಲರೂ ಮರೆಯುವ ಜಾಗ ಪೆಡಲ್ ಕೂರುವ ತಟ್ಟೆ. ಬ್ರೇಕ್ ಒತ್ತಿದಾಗ ಆ ತಟ್ಟೆ ನಾಲ್ಕೈದು ಮಿಲಿಮೀಟರ್ ಬಾಗಿದರೂ ಲೋಡ್ ಸೆಲ್ಲಿನ (ಒತ್ತಡ ಅಳೆಯುವ ಸೆನ್ಸರ್) ಸೂಕ್ಷ್ಮವೆಲ್ಲ ಅಲ್ಲೇ ಕರಗುತ್ತದೆ. ಒಬ್ಬರು ಒತ್ತುವಾಗ ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ನೋಡಿದರೆ ಬಾಗುವುದು ಬರಿಗಣ್ಣಿಗೇ ಕಾಣುತ್ತದೆ. ತಟ್ಟೆಯ ಅಡಿಯಲ್ಲಿ, ಬ್ರೇಕಿನ ನೇರಕ್ಕೆ ಇನ್ನೊಂದು ತುಂಡು ಪ್ರೊಫೈಲ್ ಅಡ್ಡ ಹಾಕಿ.

ಕೂರುವ ಅಳತೆಗೆ ಎರಡೇ ಪರೀಕ್ಷೆ. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು. ಬೆನ್ನು ಸೀಟಿಗೆ ಅಂಟಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ವೀಲ್‌ನ ಮೇಲಂಚಿನ ಮೇಲೆ ಕೂರಬೇಕು.

ಬ್ರೇಕ್ ಪೆಡಲ್: ದೂರವೋ ಒತ್ತಡವೋ

ಸಮಯ ಸೋರುತ್ತಿರುವುದು ತಿರುವಿನ ನಡುವೆ ಎಂದು ನಮಗೆ ಅನಿಸುತ್ತದೆ. ಟೆಲಿಮೆಟ್ರಿ (ಆಟ ದಾಖಲಿಸಿಡುವ ಓಟದ ಅಂಕಿಅಂಶ) ತೆರೆದರೆ ಬ್ರೇಕಿನ ಗೆರೆ ಬೇರೆ ಕಥೆ ಹೇಳುತ್ತದೆ: ಒಂದು ಸುತ್ತಿನಲ್ಲಿ 70%, ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ 90%, ಅದರಾಚೆಗೆ ಚಕ್ರ ಲಾಕ್. ಇದರ ಮೂಲ ಪೆಡಲ್ ಏನನ್ನು ಅಳೆಯುತ್ತದೆ ಎಂಬುದರಲ್ಲಿದೆ.

ಪೊಟೆನ್ಷಿಯೋಮೀಟರ್ ಇರುವ ಪೆಡಲ್ ಪಾದ ಎಷ್ಟು ದೂರ ಚಲಿಸಿತು ಎಂದು ಅಳೆಯುತ್ತದೆ. ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಿರುತ್ತದೆ. ಕಾಲಕ್ರಮೇಣ ಸವೆಯುತ್ತದೆ, ಧೂಳು ಕೂರುತ್ತದೆ. ಹಾಲ್ ಸೆನ್ಸರ್ ಕೂಡ ದೂರವನ್ನೇ ಅಳೆಯುವುದು, ಆದರೆ ಅಯಸ್ಕಾಂತದಿಂದ, ಮುಟ್ಟದೆ. ಹಾಗಾಗಿ ಸವೆತವಿಲ್ಲ. ಲೋಡ್ ಸೆಲ್ ಅಳೆಯುವುದು ಒತ್ತಡವನ್ನು. ನಿಜವಾದ ಕಾರಿನಲ್ಲೂ ಹೈಡ್ರಾಲಿಕ್ ಒತ್ತಡವೇ ಕಾರನ್ನು ನಿಲ್ಲಿಸುವುದು, ಪೆಡಲ್ ಇಳಿದ ದೂರವಲ್ಲ. ಕಾಲಿಗೆ ‘ಮೂರು ಸೆಂಟಿಮೀಟರ್ ಇಳಿಸು’ ಎಂದರೆ ತಡಕಾಡುತ್ತದೆ, ‘ನಿನ್ನೆ ಒತ್ತಿದಷ್ಟೇ ಒತ್ತು’ ಎಂದರೆ ಒತ್ತುತ್ತದೆ. ಆಕ್ಸಿಲರೇಟರ್‌ಗೆ ಹಾಲ್ ಸೆನ್ಸರ್, ಬ್ರೇಕ್‌ಗೆ ಲೋಡ್ ಸೆಲ್ ಇದ್ದರೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂಬುದು ನನ್ನ ನಿಲುವು. ಥ್ರಸ್ಟ್‌ಮಾಸ್ಟರ್ ಟಿ-ಎಲ್‌ಸಿಎಂ ಇದೇ ಜೋಡಣೆಯದು. ಕ್ಲಚ್ ಬೇಕಾಗುವುದು ಎಚ್ ಮಾದರಿ ಗೇರ್ ಹಾಕುವವರಿಗೆ ಮಾತ್ರ. ವೀಲ್‌ನ ಹಿಂದಿನ ಪ್ಯಾಡಲ್‌ನಲ್ಲೇ (ಬೆರಳಲ್ಲಿ ಎಳೆಯುವ ಸನ್ನೆ) ಗೇರ್ ಬದಲಿಸುವವರು ಆ ದುಡ್ಡನ್ನು ಬ್ರೇಕಿಗೆ ಹಾಕಲಿ.

ಕೆಜಿ ಲೆಕ್ಕ ಓದುವಾಗ ಎಚ್ಚರ. ಲೋಡ್ ಸೆಲ್ ಎಷ್ಟು ತಡೆಯುತ್ತದೆ ಎಂಬುದು ಒಂದು, ಪಾದ ಎಷ್ಟು ಒತ್ತಬೇಕು ಎಂಬುದು ಇನ್ನೊಂದು. ಸನ್ನೆಯ ಅನುಪಾತ ನಡುವೆ ಇರುತ್ತದೆ. ಹ್ಯೂಸಿಂಕ್‌ವೆಲ್ಡ್ ಸ್ಪ್ರಿಂಟ್‌ನಲ್ಲಿ ಸೆಲ್ 120 ಕೆಜಿಯದು, ಪಾದಕ್ಕೆ ಬರುವ ಗರಿಷ್ಠ ಒತ್ತಡ 65 ಕೆಜಿ. ಕೆಲವು ಜಾಹೀರಾತುಗಳಲ್ಲಿ ಕಾಣುವ 200 ಕೆಜಿ ಎಂಬುದು ಸೆಲ್ಲಿನ ತಾಕತ್ತು, ನಿಮ್ಮ ಕಾಲಿನದ್ದಲ್ಲ.

ಹೊಂದಿಸಿದ್ದು ಹೀಗೆ. ಮೇಲೆ ಹೇಳಿದ ಸೀಟಿನಲ್ಲಿ ನನ್ನ ಗರಿಷ್ಠ 70 ಕೆಜಿ. ಅದನ್ನೇ 100% ಎಂದು ಇಟ್ಟರೆ ಹತ್ತು ಸುತ್ತಿಗೆ ಕಾಲು ನಡುಗುತ್ತದೆ. 45 ಕೆಜಿಯ ಆಸುಪಾಸಿನಲ್ಲಿ 100% ಇಟ್ಟು ಇಪ್ಪತ್ತು ಬಾರಿ ಒತ್ತಿದೆ, ಪ್ರತಿ ಬಾರಿ ಎರಡು ಸೆಕೆಂಡ್ ಹಿಡಿದು ಬಿಟ್ಟೆ. ಇಪ್ಪತ್ತನೆಯದು ಮೊದಲನೆಯದರಷ್ಟೇ ಸಲೀಸಾಗಿ 100 ಮುಟ್ಟಿದರೆ ಸರಿಯಾದ ಅಂಕಿ ಸಿಕ್ಕಿದಂತೆ. ಆಮೇಲೆ ಕಣ್ಣು ಮುಚ್ಚಿ 50% ಒತ್ತುವುದು, ಕಣ್ಣು ತೆರೆದು ಪರದೆಯ ಮೇಲಿನ ಬ್ರೇಕ್ ಪಟ್ಟಿ ನೋಡುವುದು. 45ರಿಂದ 55ರೊಳಗೆ ಬರುವವರೆಗೂ ಪೆಡಲಿನ ರಬ್ಬರ್ ತುಂಡುಗಳನ್ನು ಬದಲಿಸಿದೆ. ಮೆತ್ತನೆಯ ರಬ್ಬರ್ ಹಾಕಿದರೆ ಪೆಡಲ್ ಹೆಚ್ಚು ಇಳಿಯುತ್ತದೆ, ಗಟ್ಟಿಯದು ಹಾಕಿದರೆ ಕಲ್ಲು ಒತ್ತಿದಂತಾಗುತ್ತದೆ. ಒಂದು ಮೆತ್ತನೆ, ಒಂದು ಗಟ್ಟಿ ಬೆರೆಸಿದ್ದು ನನಗೆ ಹೊಂದಿತು. ಪಾದದ ಭಾರಕ್ಕೇ ಬ್ರೇಕ್ ತಾಗದಿರಲಿ ಎಂದು ಕೆಳಗಿನ ಡೆಡ್ ಝೋನ್ (ಒತ್ತಿದರೂ ಲೆಕ್ಕಕ್ಕೆ ಬಾರದ ಭಾಗ) 2 ಅಥವಾ 3%. ಗಾಮಾ ಗೆರೆ (ಒತ್ತಿದ್ದಕ್ಕೆ ಎಷ್ಟು ಬ್ರೇಕ್ ಎಂದು ತೋರಿಸುವ ಗೆರೆ) ನೇರವಾಗಿಯೇ ಇರಲಿ. ಅದನ್ನು ಬಾಗಿಸುವುದು ದೂರ ಅಳೆಯುವ ಪೆಡಲಿನ ಕೊರತೆ ಮುಚ್ಚಲು ಕಂಡುಕೊಂಡ ಉಪಾಯ.

ಬರಿಗಾಲು ಅಥವಾ ತೆಳು ಅಡಿಯ ಶೂ. ದಪ್ಪ ಸ್ಪಂಜಿನ ಶೂ ಹಾಕಿದರೆ ಲೋಡ್ ಸೆಲ್ಲಿಗೆ ಮುಂಚೆ ಸ್ಪಂಜೇ ಕುಗ್ಗುತ್ತದೆ.

ಈಗ ಬೇಸ್

ಗೇರ್‌ನಲ್ಲಿ ನಡೆಯುವ ಜಿ29 ಮಾದರಿಯವು ಸುಮಾರು 2 ನ್ಯೂಟನ್ ಮೀಟರ್, ಬೆಲ್ಟಿನ ಥ್ರಸ್ಟ್‌ಮಾಸ್ಟರ್ ಟಿ300 ನಾಲ್ಕರ ಹತ್ತಿರ. ಡೈರೆಕ್ಟ್ ಡ್ರೈವ್‌ನಲ್ಲಿ ಮೋಟರಿನ ದಂಡಕ್ಕೇ ವೀಲ್ ಸಿಕ್ಕಿಸಿರುತ್ತಾರೆ: ಫ್ಯಾನಟೆಕ್ ಸಿಎಸ್‌ಎಲ್ ಡಿಡಿ 5, ದೊಡ್ಡ ಪವರ್ ಸಪ್ಲೈ ಹಾಕಿದರೆ 8, ಮೋಝಾ ಆರ್5 5.5, ಆರ್9 9, ಆರ್12 12. ಈ ಅಂಕಿಗಳನ್ನು ಹಾಗೆಯೇ ಹೋಲಿಸಬಾರದು, ಕೈಯಲ್ಲಿ ಹಿಡಿಯುವ ಚಕ್ರದ, ಅಂದರೆ ರಿಮ್‌ನ ಅಳತೆಯೂ ಲೆಕ್ಕಕ್ಕೆ ಬರುತ್ತದೆ. 5 ನ್ಯೂಟನ್ ಮೀಟರ್ ಬೇಸ್‌ಗೆ 280 ಮಿ.ಮೀ. ವ್ಯಾಸದ ರಿಮ್ ಹಾಕಿದರೆ ತ್ರಿಜ್ಯ 0.14 ಮೀಟರ್, 5 ಭಾಗಿಸು 0.14 ಎಂದರೆ 36 ನ್ಯೂಟನ್, ಅಂದರೆ ಕೈಗೆ ಮೂರೂವರೆ ಕೆಜಿಗಿಂತ ತುಸು ಹೆಚ್ಚಿನ ಜಗ್ಗು. ಅದೇ ಬೇಸ್‌ಗೆ 350 ಮಿ.ಮೀ. ರಿಮ್ ಹಾಕಿದರೆ 29 ನ್ಯೂಟನ್, ಮೂರು ಕೆಜಿಗೂ ಕಡಿಮೆ. ಮೇಲಾಗಿ ದೊಡ್ಡ ರಿಮ್‌ನ ಜಡತ್ವ ಸಣ್ಣ ಅದುರುಗಳನ್ನು ನುಂಗುತ್ತದೆ. ಸಣ್ಣ ಬೇಸ್ ಕೊಂಡವರು 300 ಮಿ.ಮೀ. ಒಳಗಿನ ಹಗುರ ರಿಮ್‌ಗೇ ಅಂಟಿಕೊಳ್ಳುವುದು ಜಾಣತನ. ಬೇರೆ ಕಂಪನಿಯ ರಿಮ್ ಕೂರಿಸುವುದಾದರೆ ಬೋಲ್ಟ್ ರಂಧ್ರಗಳ ವೃತ್ತ 70 ಮಿ.ಮೀ., ಆರು ರಂಧ್ರ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹೆಚ್ಚು ಬಳಕೆಯಲ್ಲಿರುವುದು ಅದು.

8 ನ್ಯೂಟನ್ ಮೀಟರ್‌ವರೆಗೆ ಗಟ್ಟಿ ಸ್ಟ್ಯಾಂಡ್ ಹೊರುತ್ತದೆ. ಮೇಜಿನ ಕ್ಲಾಂಪ್‌ನಲ್ಲಾದರೆ 5 ದಾಟಿದ ಮೇಲೆ ಮೇಜೇ ಕುಣಿಯುತ್ತದೆ, ಮಾನಿಟರ್ ಜೊತೆಗೆ. 8ರಿಂದ 12ರ ನಡುವೆ ಬೇಕಾದ್ದೆಲ್ಲ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಾಚೆಗೆ ಹೋಗುವುದು ಹೆಚ್ಚು ಶಕ್ತಿಗಾಗಿ ಅಲ್ಲ, ದೊಡ್ಡ ಗುದ್ದು ಬಂದಾಗಲೂ ಸಣ್ಣ ವಿವರ ಕಳೆಯದಿರಲಿ ಎಂದು. ಟ್ರಕ್ ಓಡಿಸುವ ಆಟಗಳಷ್ಟೇ ಸಾಕೆಂದರೆ 900 ಡಿಗ್ರಿ ತಿರುಗುವ ಗೇರ್ ವೀಲೇ ಧಾರಾಳ.

ಈ ‘ವಿವರ ಕಳೆಯುವುದು’ ಎಂದರೆ ಕ್ಲಿಪ್ಪಿಂಗ್. ಆಟ ಕಳಿಸುವ ಬಲ 100% ಮುಟ್ಟಿದ ಮೇಲೆ ಅದಕ್ಕಿಂತ ಮೇಲಿನದೆಲ್ಲ ಒಂದೇ ಸಮನಾಗಿ ಬರುತ್ತದೆ. ವೇಗದ ತಿರುವಿನಲ್ಲಿ ವೀಲ್ ಬಿಗಿಯಾಗಿರುತ್ತದೆ, ಆದರೆ ಮುಂದಿನ ಟೈರ್ ಹಿಡಿತ ಬಿಡುತ್ತಿರುವುದು ಕೈಗೆ ಗೊತ್ತಾಗುವುದಿಲ್ಲ. ಗೇನ್ (ಆಟ ಕಳಿಸುವ ಬಲದ ಮಟ್ಟ) ಏರಿಸಿದಷ್ಟೂ ನಿಜವಾದ ಅನುಭವ ಎಂದುಕೊಂಡವರು ಬೀಳುವ ಗುಂಡಿ ಇದು. ಅಸೆಟ್ಟೊ ಕೋರ್ಸಾ ಆಟದಲ್ಲಿ ಪೆಡಲ್ ಆ್ಯಪ್‌ನ ಫೋರ್ಸ್ ಫೀಡ್‌ಬ್ಯಾಕ್ (ವೀಲ್ ಕೈಗೆ ಕೊಡುವ ಬಲ) ಪಟ್ಟಿ ಕೆಂಪಾಗುತ್ತದೆ, ಐರೇಸಿಂಗ್‌ನಲ್ಲಿ ಎಫ್ ಪಟ್ಟಿ ಕೆಂಪಾಗುತ್ತದೆ. ಬೇಸ್‌ನ ಸಾಫ್ಟ್‌ವೇರಿನಲ್ಲಿ ಬಲ 100% ಬಿಟ್ಟು, ಆಟದೊಳಗಿನ ಗೇನನ್ನು ಐದೈದರಂತೆ ಇಳಿಸುತ್ತಾ ಬಂದೆ. ಕರ್ಬ್ (ಟ್ರ್ಯಾಕಿನ ಉಬ್ಬಿದ ಅಂಚು) ಹತ್ತಿದಾಗ ಕ್ಷಣಕಾಲ ಕೆಂಪು ಮಿಂಚಿದರೆ ಪರವಾಗಿಲ್ಲ, ಉದ್ದ ತಿರುವಿನುದ್ದಕ್ಕೂ ಕೆಂಪಾಗಿ ನಿಂತರೆ ಇನ್ನೂ ಇಳಿಸಬೇಕು.

ಗೇರ್ ವೀಲ್‌ನವರಿಗೆ ಇನ್ನೊಂದು ಹೊಂದಿಕೆ: ಮಿನಿಮಮ್ ಫೋರ್ಸ್. ಹಲ್ಲುಗಳ ನಡುವಿನ ಸಡಿಲ ಮತ್ತು ಘರ್ಷಣೆಯಿಂದಾಗಿ ಚಿಕ್ಕ ಬಲ ಕೈವರೆಗೆ ಬರುವುದೇ ಇಲ್ಲ, ನಟ್ಟನಡುವೆ ವೀಲ್ ಸತ್ತಂತಿರುತ್ತದೆ. ಸೊನ್ನೆಯಿಂದ ಒಂದೊಂದೇ ಏರಿಸಿ, ನೇರ ರಸ್ತೆಯಲ್ಲಿ ವೀಲ್ ಎಡಬಲ ಗಡಗಡ ಅದುರಲು ಶುರುವಾದ ಕೂಡಲೇ ಎರಡು ಹೆಜ್ಜೆ ಹಿಂದೆ ಬನ್ನಿ. ಡೈರೆಕ್ಟ್ ಡ್ರೈವ್‌ಗೆ ಇದು ಸೊನ್ನೆಯೇ. ಅಲ್ಲಿ ಕೈಬಿಟ್ಟಾಗ ವೀಲ್ ತಾನೇ ತೂಗಾಡುವ ಕಾಟ ಬೇರೆ. ಡ್ಯಾಂಪಿಂಗ್ (ತಿರುಗುವಿಕೆಗೆ ಒಡ್ಡುವ ತಡೆ) ಸ್ವಲ್ಪ ಏರಿಸಿದರೆ ನಿಲ್ಲುತ್ತದೆ, ಜಾಸ್ತಿ ಏರಿಸಿದರೆ ಜೇನುತುಪ್ಪದಲ್ಲಿ ತಿರುಗಿಸಿದಂತಾಗುತ್ತದೆ.

ಕಾರು ಗೋಡೆಗೆ ಬಡಿಯುವಾಗ ಕೈ ಬಿಡಿ. ಹೆಬ್ಬೆರಳು ಕಡ್ಡಿಗಳ ಒಳಗೆ ಸಿಕ್ಕಿಕೊಂಡಿದ್ದರೆ 8 ನ್ಯೂಟನ್ ಮೀಟರೇ ಉಳುಕಿಸಲು ಸಾಕು.

ಹಳೆಯದು ಕೊಳ್ಳುವಾಗ

ಬಳಸಿದ ವೀಲ್ ಕೊಳ್ಳುವುದು ತಪ್ಪಲ್ಲ, ಹತ್ತು ನಿಮಿಷ ಪರೀಕ್ಷಿಸಿ. ಕರೆಂಟ್ ಇಲ್ಲದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಒಂದೇ ಜಾಗದಲ್ಲಿ ತಡೆ ಅಥವಾ ಟಕ್ ಎಂಬ ಸದ್ದು ಬಂದರೆ ಹಲ್ಲು ಮುರಿದಿರಬಹುದು, ಬೆಲ್ಟ್ ಹಾಳಾಗಿರಬಹುದು. ಆಮೇಲೆ ವಿಂಡೋಸ್‌ನಲ್ಲಿ ರನ್ ಪೆಟ್ಟಿಗೆಗೆ ಜಾಯ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷಿನಲ್ಲಿ ಕೊಟ್ಟು ಪ್ರಾಪರ್ಟೀಸ್ ತೆರೆಯಿರಿ. ಪ್ರತಿ ಪೆಡಲನ್ನೂ ಐದು ಸೆಕೆಂಡ್ ತೆಗೆದುಕೊಂಡು ಇಳಿಸಿ, ಐದು ಸೆಕೆಂಡಲ್ಲಿ ಬಿಡಿ. ಪಟ್ಟಿ ನಡುವೆ ಎಗರಿದರೆ ಪೊಟೆನ್ಷಿಯೋಮೀಟರ್ ಕೊಳೆಯಾಗಿದೆ. ಕೊನೆಗೆ ಅರ್ಧ ಗಂಟೆ ಆಡಿ, ಬೆಲ್ಟ್ ವೀಲ್‌ಗಳಲ್ಲಿ ಮೋಟರ್ ಕಾದಂತೆಲ್ಲ ಬಲ ಇಳಿಯುತ್ತದೆಯೇ ನೋಡಿ.

ಕೊಳೆಯ ಪೊಟೆನ್ಷಿಯೋಮೀಟರ್‌ಗೆ ಬೆಲೆ ಇಳಿಸಿ ಕೇಳಬಹುದು, ಏಕೆಂದರೆ ಅದರ ಔಷಧ ಸುಲಭ. ವೈರ್ ಕಿತ್ತು, ಅಡಿಯ ಸ್ಕ್ರೂ ಬಿಚ್ಚಿ, ಪೆಡಲಿನ ಅಚ್ಚಿನ ಪಕ್ಕದಲ್ಲಿರುವ ಸಣ್ಣ ದುಂಡು ಡಬ್ಬಿ ಹುಡುಕಿ. ಕಾಲುಗಳ ಹತ್ತಿರದ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎರಡು ಚಿಮುಕು, ದಂಡವನ್ನು ಮೂವತ್ತು ನಲವತ್ತು ಸಲ ಹಿಂದೆ ಮುಂದೆ ತಿರುಗಿಸಿ, ಪೂರ್ತಿ ಒಣಗಿಸಿ. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಅದರ ಜಿಡ್ಡು ಮತ್ತೆ ಧೂಳನ್ನೇ ಕರೆಯುತ್ತದೆ. ಮರುಜೋಡಿಸುವ ಮುನ್ನ ದಂಡ ಯಾವ ಕೋನದಲ್ಲಿತ್ತು ಎಂದು ಫೋಟೊ ತೆಗೆದಿಟ್ಟುಕೊಂಡಿರಬೇಕು. ಒಂದು ಹಲ್ಲು ತಪ್ಪಿ ಕೂತರೆ ಪೆಡಲ್ 100% ಮುಟ್ಟುವುದೇ ಇಲ್ಲ. ಜೋಡಿಸಿದ ಮೇಲೆ ಮೂರೂ ಪೆಡಲನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿ. ಎಷ್ಟೋ ಪೆಡಲ್‌ಗಳು ವೈರ್ ಚುಚ್ಚಿದ ಪ್ರತಿ ಸಲವೂ ತಮ್ಮ ಎರಡು ತುದಿಗಳನ್ನು ಹೊಸದಾಗಿ ಗುರುತಿಸಿಕೊಳ್ಳುವುದು ಆ ಮೊದಲ ಒತ್ತಿನಲ್ಲೇ.