ಹೊಸ ರೈಫಲಿಗೆ ಬಚ್ಚಲ ಹಂಡೆಯ ನೀರು

ಹೊಸ ರೈಫಲಿನ ನಳಿಗೆಗೆ ಬಿಸಿನೀರು ಹೊಯ್ಯುತ್ತೇನೆ ಅಂದಾಗ ಗುರಿ ಅಭ್ಯಾಸದ ರೇಂಜಿನಲ್ಲಿ ಬೈಯದವರೇ ಇಲ್ಲ. "ಲಕ್ಷದ ಹತ್ರ ಸುರಿದು ತಂದಿದ್ದೀಯ, ನೀರು ಕುಡಿಸಿ ಕೊಲ್ತೀಯಾ" ಅಂತ ಹಿರಿಯರೊಬ್ಬರು ಮುಖಕ್ಕೇ ಹೇಳಿದರು. ಅದಾದ ಮೇಲೆ ಎರಡು ಮಳೆಗಾಲ ಕಳೆದಿದೆ, ನನ್ನ .315 ಬೋರಿನ ರೈಫಲಿನ ನಳಿಗೆಯ ಒಳಮೈ ಈಗಲೂ ಕನ್ನಡಿಯ ಹಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ರೈಫಲ್ ಕೈಗೆ ಬಂದಿದ್ದು 2023ರ ಜುಲೈನಲ್ಲಿ. ಆಗ ಮಾಡಿದ ತಪ್ಪು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಗುರಿ ಹಿಡಿಯುವ ಸೈಟ್ ಸರಿ ಇದೆಯೇ ನೋಡಿಕೊಳ್ಳಲು ಐದು ಈಡು ಹೊಡೆದು, ಮಳೆಯಲ್ಲೇ ತೀರ್ಥಹಳ್ಳಿಗೆ ವಾಪಸ್ ಬಂದು, ಎಣ್ಣೆ ಬಟ್ಟೆ ಒಂದೆರಡು ಸಲ ಎಳೆದು ಫೋಮ್ ಚೀಲಕ್ಕೆ ಹಾಕಿಟ್ಟೆ. ಮೂರನೇ ದಿನ ತೆಗೆದು ನೋಡಿದರೆ ನಳಿಗೆಯಲ್ಲಿ ಎಳೆದ ಬಟ್ಟೆಚೂರಿನ, ಅಂದರೆ ಪ್ಯಾಚಿನ, ತುಂಬಾ ಇಟ್ಟಿಗೆ ಬಣ್ಣದ ಪುಡಿ. ಆ ಚೀಲ ಸ್ಪಂಜಿನ ಹಾಗೆ ತೇವ ಹೀರಿಕೊಂಡು ಕೂತಿತ್ತು. ಕಂಚಿನ ಬ್ರಶ್ ಹಾಕಿ ಉಜ್ಜಿದೆ, ಪುಣ್ಯಕ್ಕೆ ಕುಳಿ ಬಿದ್ದಿರಲಿಲ್ಲ.

ಆಗ ನೆನಪಾಗಿದ್ದು ಅಜ್ಜನ ಕೇಪಿನ ಕೋವಿ. ಈಡು ಹೊಡೆದ ದಿನ ರಾತ್ರಿ ಊಟಕ್ಕೆ ಮೊದಲು ಬಚ್ಚಲ ಹಂಡೆಯಿಂದ ಕುದಿನೀರು ತಂದು ನಳಿಗೆ ತೊಳೆಯುತ್ತಿದ್ದರು. ಕರಿಮದ್ದಿನ ಮಸಿ ನೀರಿಗೆ ಬಿಡುತ್ತದೆ, ಸರಿ, ರೈಫಲಿಗೇಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ತೋಟಾದ ಬುಡದಲ್ಲೂ ಮದ್ದಿಗೆ ಕಿಡಿ ಕೊಡುವ ಕೇಪು ಇರುತ್ತದೆ, ಅದು ಹಳೇ ಬಗೆಯದಾಗಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ, ಸುಟ್ಟ ಮೇಲೆ ಒಳಗೆ ಉಳಿಯುವುದು ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಮಲೆನಾಡಿನ ಗಾಳಿಯಲ್ಲಿ ರಾತ್ರಿ ಬೆಳಗಾಗುವುದರಲ್ಲಿ ನೀರು ಎಳೆದುಕೊಳ್ಳುತ್ತದೆ. ತೋಟಾ ಯಾವ ಬಗೆಯದೆಂದು ಡಬ್ಬಿ ಹಿಡಿದು ತಲೆಕೆಡಿಸಿಕೊಳ್ಳುವುದಕ್ಕಿಂತ ಒಂದು ಚೊಂಬು ನೀರು ಅಗ್ಗ.

ಹಿಂದಿನ ಬೋಲ್ಟ್ ತೆಗೆದು, ನಳಿಗೆಯ ಬಾಯಿ ಕೆಳಗೆ ಮಾಡಿ, ತೋಟಾ ಕೂರುವ ಚೇಂಬರಿಗೆ ರಬ್ಬರ್ ನಳಿಕೆ ಸಿಕ್ಕಿಸಿದ ಆಲಿಕೆಯಿಂದ ಸುಮಾರು ಒಂದು ಲೀಟರ್ ಹೊಯ್ಯುತ್ತೇನೆ. ನಳಿಕೆ ಬಿಗಿಯಾಗಿ ಕೂರದಿದ್ದರೆ ನೀರು ತೋಟಾ ತುಂಬುವ ಮ್ಯಾಗಜೀನಿಗೂ ರೈಫಲಿನ ಮರದ ಹಿಡಿಗೂ ಇಳಿಯುತ್ತದೆ, ಎಚ್ಚರ. ನೀರು ಕುದಿಯುತ್ತಿರಬೇಕು. ಕಬ್ಬಿಣ ಕೈಯಲ್ಲಿ ಹಿಡಿಯಲಾರದಷ್ಟು ಕಾದರೆ ಒಳಗಿನ ಪಸೆ ತಾನೇ ಆರುತ್ತದೆ, ಉಗುರುಬೆಚ್ಚಗಿನ ನೀರಾದರೆ ನೀವೇ ತುಕ್ಕು ಕರೆದ ಹಾಗೆ. ಮೂರು ಒಣ ಪ್ಯಾಚ್ ಎಳೆದ ಮೇಲೇ ಗುಂಡು ಬಿಟ್ಟ ತಾಮ್ರ ಕರಗಿಸುವ ಸಾಲ್ವೆಂಟ್. ಪ್ಯಾಚಿಗೆ ಹಳೇ ಪಂಚೆಯೇ ಸೈ, ಅಂಗಡಿಯ ಫ್ಲಾನೆಲ್ ನೂಲು ಬಿಡುತ್ತದೆ.

ಬ್ರೇಕ್-ಇನ್, ಅಂದರೆ ಹೊಸ ನಳಿಗೆಯನ್ನು ಈಡು ಹೊಡೆದು ತೊಳೆದು ಪಳಗಿಸುವುದು, ಶುರು ಮಾಡಿದ್ದು ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ. ಒಂದು ಈಡು, ಒಂದು ಕ್ಲೀನಿಂಗ್, ಹೀಗೆ ಹತ್ತು. ಆಮೇಲೆ ಮೂರು ಮೂರರಂತೆ ಐದು ಸಲ. ಒಟ್ಟು ಇಪ್ಪತ್ತೈದು. ತೋಟಾ, ಪೆಟ್ರೋಲು, ರೇಂಜಿನ ಫೀಸು ಸೇರಿ ಎಂಟು ಸಾವಿರ ದಾಟಿತೆಂದು ನೆನಪು. ಒಳ್ಳೇ ಬ್ಯಾರಲ್ ಮಾಡುವವರಲ್ಲೇ ಇದು ದಂಡ ಅನ್ನುವವರಿದ್ದಾರೆ. ಕೈಯಿಂದ ನುಣುಪು ಮಾಡಿದ ನಳಿಗೆಗೆ ಆ ಮಾತು ಒಪ್ಪಬಹುದು. ನಮ್ಮ ಕೈಗೆ ಸಿಗುವ ಬ್ಯಾರಲಿನ ಗಂಟಲಲ್ಲಿ, ಅಂದರೆ ಚೇಂಬರಿನ ಮುಂದಿನ ಭಾಗದಲ್ಲಿ, ಕೊರೆಯುವ ರೀಮರಿನ ಅಡ್ಡಗೆರೆಗಳು ಉಳಿದಿರುತ್ತವೆ, ಗುಂಡಿನ ತಾಮ್ರ ಬೆರೆತ ಹೊದಿಕೆಯನ್ನು ಅವೇ ಕೆರೆಯುವುದು.

ಇಲ್ಲಿ ಎರಡನೇ ಸಲ ಮೋಸಹೋದೆ. ಅಮೋನಿಯಾದ ಸಾಲ್ವೆಂಟ್ ತಾಮ್ರ ಕಂಡರೆ ಪ್ಯಾಚು ನೀಲಿಯಾಗುತ್ತದಲ್ಲ, ನನ್ನದು ಇಪ್ಪತ್ತನೇ ಪ್ಯಾಚಿಗೂ ನೀಲಿಯೇ. ಎರಡು ಸಂಜೆ, ಎರಡು ಸಾವಿರದ ಹತ್ತಿರದ ಬಾಟ್ಲಿ ಮುಕ್ಕಾಲು ಖಾಲಿ. ಕೊನೆಗೆ ಪ್ಯಾಚನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿ ಇದ್ದದ್ದು ಜ್ಯಾಗ್ (ರಾಡಿನ ತುದಿಯಲ್ಲಿ ಪ್ಯಾಚನ್ನು ತಳ್ಳುವ ಮೊನೆ) ಒತ್ತಿದ ನಡುಮಧ್ಯದಲ್ಲಿ, ಜ್ಯಾಗಿನ ಗೆರೆಗಳೇ ಅಚ್ಚೊತ್ತಿದ್ದವು. ನಳಿಗೆಗೆ ತಾಗುವ ಹೊರಮೈ ಬಿಳಿ. ಹಿತ್ತಾಳೆ ಜ್ಯಾಗನ್ನೇ ಸಾಲ್ವೆಂಟ್ ತಿನ್ನುತ್ತಿತ್ತು! ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇಟ್ಟಿರುವವರ ಹತ್ತಿರ ನೈಲಾನಿನಲ್ಲಿ ಒಂದು ಜ್ಯಾಗ್, ಜೊತೆಗೆ ರಾಡ್ ನೇರ ಹೋಗುವಂತೆ ಚೇಂಬರಿಗೆ ಕೂರುವ ರಾಡ್ ಗೈಡ್ ಮಾಡಿಸಿದೆ. ಎರಡಕ್ಕೂ ಸೇರಿ ಮುನ್ನೂರೋ ಮುನ್ನೂರೈವತ್ತೋ. ಗೈಡಿನ ಒಳ ಅಳತೆಯಲ್ಲಿ ಒಂದು ಕೈಚಳಕ ಇದೆ, ಅದು ನನ್ನಲ್ಲೇ ಇರಲಿ.

ಆಮೇಲೆ ಲೆಕ್ಕ ಸರಿಯಾಯಿತು. ಮೊದಲ ಈಡುಗಳಿಗೆ ಪ್ಯಾಚು ಬಿಳಿಯಾಗಲು ಹದಿನಾಲ್ಕು ಹದಿನೈದು ಬೇಕಿತ್ತು, ಏಳನೆಯ ಈಡಿನಿಂದ ಇಳಿಯತೊಡಗಿತು, ಕೊನೆಯ ಮೂರಕ್ಕೆ ನಾಲ್ಕೇ ಸಾಕಾಯಿತು. ಸಾಲ್ವೆಂಟನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಳಿಗೆಯಲ್ಲಿ ಬಿಡಲಿಲ್ಲ.

ನಡುವೆ ಎಣ್ಣೆಯ ಪ್ರಯೋಗ. ಊರಲ್ಲಿ ಎಲ್ಲರೂ ಕೊಬ್ಬರಿ ಎಣ್ಣೆಯನ್ನೇ ಹೇಳುತ್ತಾರೆ. ಡಿಸೆಂಬರಿನ ಬೆಳಿಗ್ಗೆ ಅದು ಗಟ್ಟಿಯಾಗಿ ಬೋಲ್ಟ್ ಎಳೆಯುವುದೇ ಕಷ್ಟವಾಯಿತು. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ವಾರದಲ್ಲಿ ಇಳಿದುಹೋಗುತ್ತದೆ. ಅಡಿಕೆ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಒಂದು ಕಬ್ಬಿಣದ ತುಂಡು ಇಟ್ಟು ನೋಡಿದೆ. ಹೊಗೆಯ ಜಿಡ್ಡು ಕೂತು ಅದರಡಿಯಲ್ಲೇ ತುಕ್ಕು. ಈಗ ಮರದ ಬೀರುವಿನಲ್ಲಿ, ಚೀಲ ಇಲ್ಲದೆ, ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ, ಎಣ್ಣೆ ರೈಫಲಿನ ಮರದ ಹಿಡಿಗೆ ಇಳಿಯಬಾರದಲ್ಲ. ಪಕ್ಕದಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್, ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತೇನೆ. ಕೊನೆಗೆ ಸವರುವ ಎಣ್ಣೆ ನಾನೇ ಬೆರೆಸಿದ್ದು. ಏನು ಏನಕ್ಕೆ ಎಷ್ಟು ಅಂತ ಈಗಲೇ ಹೇಳುವುದಿಲ್ಲ, ಇನ್ನೊಂದು ಮಳೆಗಾಲ ನೋಡುತ್ತೇನೆ. ಈಡು ಹೊಡೆಯುವ ಮೊದಲು ಅದನ್ನು ಪೂರ್ತಿ ಒರೆಸಲೇಬೇಕು, ಇಲ್ಲದಿದ್ದರೆ ಮೊದಲ ಗುಂಡು ಎಲ್ಲೋ ಹೋಗುತ್ತದೆ.

ನೂರು ಮೀಟರಿಗೆ ಐದು ಈಡಿನ ಗ್ರೂಪ್ (ಗುಂಡು ಬಿದ್ದ ಗುರುತುಗಳ ಹರವು) ಮೊದಲು ಐದಿಂಚು, ಈಗ ಮೂರಿಂಚಿಗೆ ಸ್ವಲ್ಪ ಒಳಗೆ. ತೆರೆದ ಸೈಟಿನಲ್ಲಿ, ನನ್ನ ಕಣ್ಣಿಗೆ, ಇದು ಹೆಮ್ಮೆಯದೇ.

ನಿಜವಾದ ಪರೀಕ್ಷೆ 2024ರ ಲೋಕಸಭಾ ಚುನಾವಣೆ ಬಂತೆಂದು ರೈಫಲನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟಾಗ. ಮಾರ್ಚ್ ಕೊನೆಯಲ್ಲಿ ಕೊಟ್ಟಿದ್ದು, ವಾಪಸ್ ಸಿಕ್ಕಿದ್ದು ಜೂನ್ ಮಧ್ಯೆ, ಮಳೆ ಹಿಡಿದ ಮೇಲೆ. ಠಾಣೆಯಿಂದ ನೇರ ಮನೆಗೆ ಬಂದು, ಮಳೆ ಅಂಗಿ ಕೂಡ ತೆಗೆಯದೆ ಬೋಲ್ಟ್ ಕಳಚಿ ಪಂಚೆಯ ಚೂರು ಎಳೆದೆ. ಎಣ್ಣೆಯ ತೆಳು ಹಳದಿ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಆ ಪ್ಯಾಚನ್ನು ರೇಂಜಿನ ಹಿರಿಯರಿಗೆ ತೋರಿಸಿದೆ. ಮೂಗಿನ ಹತ್ತಿರ ಹಿಡಿದು ಮೂಸಿ, ಆಲಿಕೆಗೆ ಎಷ್ಟು ದಪ್ಪದ ನಳಿಕೆ ಹಾಕಿದ್ದೀಯ ಅಂತ ಕೇಳಿದರು.