ಕ್ಯಾಂಪರ್ ವ್ಯಾನಿನ ಹಿಂದೊಂದು ಟ್ರೇಲರ್: ಮಣ್ಣಿನ ರಸ್ತೆಗೆಂದು ನಾನೇ ಕಟ್ಟಿದ ಅನುಭವ

ಅಡಿಲೇಡಿಗೆ ಬಂದ ಮೂರನೆಯ ವರ್ಷ ನಾವು ಹಳೆಯ ಟೊಯೊಟಾ ಹೈಏಸ್ ವ್ಯಾನೊಂದನ್ನು ಕೊಂಡು, ಅದರೊಳಗೆ ಹಾಸಿಗೆ, ಒಲೆ, ಸಣ್ಣ ಫ್ರಿಜ್ ಕೂರಿಸಿ ಕ್ಯಾಂಪರ್ ಮಾಡಿಕೊಂಡೆವು. ಇವಿಷ್ಟು ಕೂತ ಮೇಲೆ ಮೂವರ ಬಟ್ಟೆಗೇ ಜಾಗ ಸಾಲದಾಯಿತು. ಇನ್ನು ಕುಡಿಯುವ ನೀರು, ಡೀಸೆಲ್ ಕ್ಯಾನು, ಟೆಂಟು, ಎರಡನೆಯ ಸ್ಟೆಪ್ನಿ, ಮಗಳ ಸೈಕಲ್ಲು ಇವನ್ನೆಲ್ಲ ಇಡುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಚಾವಣಿಯ ಮೇಲೆ ಹೇರಿದರೆ ಎತ್ತರದ ವ್ಯಾನು ಗಾಳಿಗೂ ತಿರುವಿಗೂ ಓಲಾಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಆಫ್‌ರೋಡ್ ಟ್ರೇಲರ್‌ಗಳು ದೊಡ್ಡ ಫೋರ್ ವೀಲ್ ಡ್ರೈವ್ ವಾಹನಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವಾದ್ದರಿಂದ ಖಾಲಿಯಿದ್ದಾಗಲೇ ನಮ್ಮ ಪೂರ್ತಿ ಹೊರೆಗಿಂತ ಹೆಚ್ಚು ತೂಗುತ್ತವೆ. ಮನೆಯ ಕಸಕಡ್ಡಿ ಸಾಗಿಸಲು ಬಳಸುವ ಸಾಮಾನ್ಯ ಬಾಕ್ಸ್ ಟ್ರೇಲರ್ ಹಗುರವೇನೋ ಹೌದು, ಆದರೆ ಉತ್ತರದ ಬೆಟ್ಟಸಾಲಾದ ಫ್ಲಿಂಡರ್ಸ್ ರೇಂಜಸ್‌ನಿಂದ ಆಚೆಗಿನ ಕಚ್ಚಾ ರಸ್ತೆಗೆ ಅದು ತಾಳುವುದಿಲ್ಲ. ಯಂತ್ರಭಾಗಗಳ ವಿನ್ಯಾಸವೇ ನನ್ನ ಕಸುಬಾದ್ದರಿಂದ ನಾನೇ ಒಂದನ್ನು ಮಾಡುತ್ತೇನೆಂದು ಹೊರಟೆ.

ಮೊದಲ ತಪ್ಪು ಕಾಗದದ ಮೇಲೆಯೇ ಆಯಿತು. ಆಸ್ಟ್ರೇಲಿಯಾದಲ್ಲಿ ಟ್ರೇಲರಿನ ಚಕ್ರಗಳ ಮೇಲೆ ಬೀಳುವ ಭಾರ 750 ಕೆ.ಜಿ. ಮೀರದಿದ್ದರೆ ಅದಕ್ಕೆ ಪ್ರತ್ಯೇಕ ಬ್ರೇಕ್ ಕಡ್ಡಾಯವಲ್ಲ. ಸಾಮಾನುಗಳ ತೂಕವನ್ನು ಅಂದಾಜಿನಲ್ಲೇ ಬರೆದುಕೊಂಡು, ಒಟ್ಟು 620 ಕೆ.ಜಿ. ಆಗುತ್ತದೆ, ಬ್ರೇಕಿನ ಖರ್ಚು ಉಳಿಯಿತು ಎಂದು ಸಂತೋಷಪಟ್ಟಿದ್ದೆ. ಆಮೇಲೆ ಒಂದು ಭಾನುವಾರ ಮನೆಯ ತೂಕದ ಯಂತ್ರವನ್ನು ಗ್ಯಾರೇಜಿಗೆ ತಂದು ಟೆಂಟು, ಹಗ್ಗ, ಜಾಕು, ಸಲಿಕೆ, ಕುಕ್ಕರು ಎಲ್ಲವನ್ನೂ ಒಂದೊಂದಾಗಿ ತೂಗಿದಾಗ, ಚೌಕಟ್ಟಿನ 360 ಕೆ.ಜಿ. ಸೇರಿ ಲೆಕ್ಕ 800 ದಾಟಿತು. ಹೀಗಾಗಿ ಒಟ್ಟು ಮಿತಿಯನ್ನು 1,000 ಕೆ.ಜಿ. ಎಂದು ಇಟ್ಟುಕೊಂಡು, ಹತ್ತು ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕುಗಳನ್ನು ಹಾಕುವುದೆಂದು ತೀರ್ಮಾನಿಸಿದೆ. ಆ ತೀರ್ಮಾನ ಮುಂದೆ ನಮ್ಮನ್ನು ಕಾಪಾಡಿತು; ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ. ಕಾನೂನಿನ ಮಾತು ಇಷ್ಟೇ: 2018ರ ರಸ್ತೆ ವಾಹನ ಮಾನದಂಡಗಳ ಕಾಯ್ದೆ 2021ರ ಜುಲೈನಲ್ಲಿ ಪೂರ್ಣವಾಗಿ ಜಾರಿಯಾದ ಮೇಲೆ, ಮನೆಯಲ್ಲಿ ಕಟ್ಟಿದ ಒಂದೇ ಒಂದು ಟ್ರೇಲರಿಗೂ ಮೊದಲು ಕೇಂದ್ರದ ಅನುಮೋದನೆ, ಆಮೇಲೆ ರಾಜ್ಯದ ನೋಂದಣಿ ಆಗಬೇಕು. ಅರ್ಜಿಯ ಜೊತೆಗೆ ನಕಾಶೆ, ಕಪ್ಲಿಂಗ್ (ಟ್ರೇಲರನ್ನು ವ್ಯಾನಿಗೆ ಸಿಕ್ಕಿಸುವ ಕೊಂಡಿ) ಮತ್ತು ಅದು ಕಳಚಿದರೂ ಟ್ರೇಲರನ್ನು ಹಿಡಿದಿಡುವ ಸರಪಳಿಯ ಸಾಮರ್ಥ್ಯ, ದೀಪಗಳ ವಿವರ ಎಲ್ಲವನ್ನೂ ಸಿದ್ಧವಾಗಿ ಇಟ್ಟುಕೊಂಡಿದ್ದರೆ ತೊಂದರೆಯಿಲ್ಲ.

ಟ್ರೇಲರಿನ ಅಳತೆಗಳನ್ನು ನಿರ್ಧರಿಸಿದ್ದು ಟ್ರೇಲರ್ ಅಲ್ಲ, ವ್ಯಾನಿನ ಹಿಂಬಾಗಿಲು. ಹೈಏಸಿನ ಹಿಂಬಾಗಿಲು ಒಂದೇ ದೊಡ್ಡ ಹಲಗೆ. ಮೇಲಕ್ಕೆ ಎತ್ತಿದಾಗ ಅದರ ಕೆಳತುದಿ ಹಿಂದಕ್ಕೆ ದೊಡ್ಡ ಕಮಾನಿನಂತೆ ಸುತ್ತಿ ಹೋಗುತ್ತದೆ. ನಮ್ಮ ಅಡುಗೆಯೆಲ್ಲ ಆ ಬಾಗಿಲ ನೆರಳಿನಲ್ಲೇ ನಡೆಯುವುದರಿಂದ, ಟ್ರೇಲರ್ ಕಳಚದೆಯೇ ಬಾಗಿಲು ತೆರೆಯಬೇಕೆಂಬುದು ಮನೆಯವಳ ಷರತ್ತು, ಅದು ನ್ಯಾಯವಾದದ್ದೇ. ಬಾಗಿಲ ತುದಿಗೆ ದಾರ ಕಟ್ಟಿ, ನಿಧಾನವಾಗಿ ಎತ್ತುತ್ತ, ದಾರ ನೆಲಕ್ಕೆ ತಾಗುವ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿದೆ. ಅದಕ್ಕೆ ಒಂದು ಗೇಣು ಬಿಟ್ಟು, ಜೊತೆಗೆ ರಿವರ್ಸ್ ಮಾಡುವಾಗಿನ ತಿರುವನ್ನೂ ಸೇರಿಸಿದಾಗ, ಬಾಲಿನಿಂದ, ಅಂದರೆ ಕಪ್ಲಿಂಗ್ ಕೂರುವ ವ್ಯಾನಿನ ಹಿಂದಿನ ಉಕ್ಕಿನ ಗುಂಡಿನಿಂದ, ಪೆಟ್ಟಿಗೆಯ ಮುಂಗೋಡೆಗೆ 1.6 ಮೀಟರ್ ಬೇಕಾಯಿತು. ಇಲ್ಲಿಯವರು ಡ್ರಾಬಾರ್ ಎನ್ನುವ ಈ ಮುಂಚಾಚನ್ನು ನಾನು ಮೊದಲಿನಿಂದಲೂ ಮೂಕಿ ಎಂದೇ ಕರೆಯುತ್ತ ಬಂದಿದ್ದೇನೆ. ಮೂಕಿ ಉದ್ದವಾದರೆ ಇನ್ನೊಂದು ಲಾಭವೂ ಉಂಟು: ಹಿಂದಕ್ಕೆ ಬಿಡುವಾಗ ಗಾಡಿ ತಟಕ್ಕನೆ ಮಡಚಿಕೊಳ್ಳುವುದಿಲ್ಲ. ಪೆಟ್ಟಿಗೆ 1.8 ಮೀಟರ್ ಉದ್ದ, 1.2 ಮೀಟರ್ ಅಗಲ.

ಚಕ್ರದ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ಹೈಏಸಿನ ಚಕ್ರಕ್ಕೆ 139.7 ಮಿಲಿಮೀಟರ್ ವೃತ್ತದಲ್ಲಿ ಆರು ಬೋಲ್ಟುಗಳು. ಟ್ರೇಲರ್ ಅಂಗಡಿಗಳಲ್ಲಿ ಲ್ಯಾಂಡ್‌ಕ್ರೂಸರ್ ಮಾದರಿ ಎಂದು ಸಿಗುವ ಹಬ್ಬುಗಳದ್ದೂ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಗುಂಬ) ಅದೇ ಅಳತೆ. ಹೀಗಾಗಿ ಆರೂ ಚಕ್ರ, ಎರಡೂ ಸ್ಟೆಪ್ನಿ ಒಂದೇ ಜಾತಿ. ಯಾವುದು ಪಂಕ್ಚರ್ ಆದರೂ ಯಾವುದನ್ನಾದರೂ ಹಾಕಬಹುದು. ಎಡ ಬಲ ಚಕ್ರಗಳ ನಡುವಿನ ಅಂತರವನ್ನೂ ವ್ಯಾನಿನಷ್ಟೇ, ಅಂದರೆ ಸುಮಾರು 1.47 ಮೀಟರ್ ಇಟ್ಟೆ. ಕೆಸರಿನಲ್ಲೋ ಮರಳಿನಲ್ಲೋ ವ್ಯಾನು ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ. ಹೊಸ ಜಾಡು ಕೊರೆಯುವ ಕೆಲಸ ಅದಕ್ಕಿರಬಾರದು.

ಇನ್ನು ಅಚ್ಚು ಎಲ್ಲಿ ಕೂರಬೇಕು ಎಂಬುದು. ಊರಿನಲ್ಲಿ ದೊಡ್ಡಪ್ಪ ಗಾಡಿಗೆ ಭತ್ತದ ಚೀಲ ಹೇರುವಾಗ, ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಹಿಂಭಾರ ಆಯ್ತು ಕಣೋ, ಇನ್ನೊಂದು ಚೀಲ ಮುಂದಕ್ಕೆ ತಳ್ಳು, ಎತ್ತಿನ ಹೆಗಲಿಗೆ ಸ್ವಲ್ಪ ಭಾರ ಬೇಕು" ಎನ್ನುತ್ತಿದ್ದರು. ಟ್ರೇಲರಿನ ಇಡೀ ಶಾಸ್ತ್ರ ಅದೇ. ಎಲ್ಲ ಸಾಮಾನಿನ ಒಟ್ಟು ಗುರುತ್ವಕೇಂದ್ರ ಅಚ್ಚಿಗಿಂತ ಎಷ್ಟು ಮುಂದಿದೆಯೋ ಆ ದೂರವನ್ನು, ಬಾಲಿನಿಂದ ಅಚ್ಚಿಗಿರುವ ದೂರದಿಂದ ಭಾಗಿಸಿದರೆ, ಒಟ್ಟು ತೂಕದ ಎಷ್ಟನೆಯ ಪಾಲು ಬಾಲಿನ ಮೇಲೆ ಕೂರುತ್ತದೆಂಬುದು ಸಿಗುತ್ತದೆ. ಸಾಮಾನ್ಯವಾಗಿ ಶೇ. 10ರ ಆಸುಪಾಸು ಇರಬೇಕು ಎನ್ನುತ್ತಾರೆ. ನನ್ನ ಮೊದಲ ನಕಾಶೆಯಲ್ಲಿ 740 ಕೆ.ಜಿ. ತೂಕದ ಗುರುತ್ವಕೇಂದ್ರ ಬಾಲಿನಿಂದ 2.42 ಮೀಟರ್‌ನಲ್ಲಿತ್ತು, ಅಚ್ಚು 2.65ರಲ್ಲಿ. ಬಾಲಿನ ಮೇಲೆ 64 ಕೆ.ಜಿ.; ಶೇ. 9ಕ್ಕೆ ಸ್ವಲ್ಪ ಕಡಿಮೆ. ಪರವಾಗಿಲ್ಲ ಎಂದುಕೊಂಡೆ.

ಆದರೆ 60 ಲೀಟರಿನ ನೀರಿನ ಟ್ಯಾಂಕನ್ನು ನಾನು ಖಾಲಿಯೆಂದು ಲೆಕ್ಕ ಹಿಡಿದಿದ್ದೆ, ಮತ್ತು ಅದನ್ನು ಕೂರಿಸಿದ್ದು ನಲ್ಲಿ ಹಿಡಿಯಲು ಅನುಕೂಲವೆಂದು ಹಿಂಭಾಗದಲ್ಲಿ. ಹೊರಡುವ ಬೆಳಿಗ್ಗೆ ಟ್ಯಾಂಕು ತುಂಬಿಸಿ, ಇಪ್ಪತ್ತು ಲೀಟರಿನ ಎರಡು ಡೀಸೆಲ್ ಕ್ಯಾನುಗಳನ್ನು ನೋಡಲು ಚೆಂದವಾಗಿ ಹಿಂಗೋಡೆಗೆ ತೂಗುಹಾಕಿದೆ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದರೆ, ನೀರು ಬಾಲಿನ ಮೇಲಿನ ಭಾರವನ್ನು 52ಕ್ಕೆ ಇಳಿಸಿತ್ತು, ಕ್ಯಾನುಗಳು 38ಕ್ಕೆ. 842 ಕೆ.ಜಿ.ಯ ಟ್ರೇಲರಿಗೆ ಅದು ಶೇ. 4.5 ಮಾತ್ರ. ಪೋರ್ಟ್ ವೇಕ್‌ಫೀಲ್ಡ್ ದಾಟಿ ಉತ್ತರದ ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುತ್ತಿದ್ದಾಗ ಎದುರಿನಿಂದ ಬಂದ ರೋಡ್ ಟ್ರೇನ್ (ಒಂದರ ಹಿಂದೊಂದು ಟ್ರೇಲರ್ ಎಳೆಯುವ ಉದ್ದನೆಯ ಲಾರಿ) ಒಂದರ ಗಾಳಿ ಬಡಿಯಿತು. ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಇನ್ನೂ ಹೆಚ್ಚು ಎಡಕ್ಕೆ ಕಾಣಿಸಿತು. ಪ್ರತಿ ಸಲವೂ ವ್ಯಾನಿನ ಹಿಂಭಾಗವನ್ನು ಯಾರೋ ಹಿಡಿದು ಜಗ್ಗಿದಂತಾಗುತ್ತಿತ್ತು. ವ್ಯಾನಿನ ಬ್ರೇಕ್ ತುಳಿಯಬಾರದೆಂಬ ಬುದ್ಧಿ ಹೇಗೋ ಉಳಿದಿತ್ತು. ಆಕ್ಸಿಲರೇಟರ್ ಬಿಟ್ಟು, ಡ್ಯಾಶ್‌ಬೋರ್ಡಿನಲ್ಲಿದ್ದ ಬ್ರೇಕ್ ಕಂಟ್ರೋಲರಿನ ಸಣ್ಣ ಲಿವರನ್ನು ಕೈಯಿಂದ ಅದುಮಿದೆ. ಟ್ರೇಲರಿನ ಬ್ರೇಕು ಮಾತ್ರ ಹಿಡಿದು, ಅದು ಹಿಂದಿನಿಂದ ಎಳೆದುಕೊಂಡಂತಾಗಿ ನೆಟ್ಟಗಾಯಿತು. ಬ್ರೇಕಿಗೆ ಕೊಟ್ಟ ಹಣ ಆ ನಾಲ್ಕು ಸೆಕೆಂಡಿನಲ್ಲಿ ತೀರಿತು. ಮುಂದಿನ ಊರಿನಲ್ಲಿ ಕ್ಯಾನುಗಳನ್ನು ವ್ಯಾನಿನ ಚಾವಣಿಗೆ ಕಟ್ಟಿ, ನೀರನ್ನು ಅರ್ಧ ಚೆಲ್ಲಿ, ಎಂಬತ್ತರ ಮೇಲೆ ಹೋಗದೆ ಪ್ರಯಾಣ ಮುಂದುವರಿಸಿದೆ.

ಪ್ರವಾಸ ಮುಗಿದ ಮೇಲೆ ಮಾಡಿದ ಬದಲಾವಣೆ ಹೀಗಿದೆ. ಸ್ಪ್ರಿಂಗ್ ಹಿಡಿಯುವ ಬ್ರಾಕೆಟ್ಟುಗಳನ್ನು ಚೌಕಟ್ಟಿಗೆ ನೇರವಾಗಿ ವೆಲ್ಡ್ ಮಾಡದೆ, 35 ಮಿಲಿಮೀಟರಿಗೊಂದು ತೂತು ಕೊರೆದ ಉದ್ದನೆಯ ಪಟ್ಟಿಗೆ ಬೋಲ್ಟ್ ಹಾಕಿದ್ದೆ. ಅದೊಂದು ಜಾಣತನ ಮಾತ್ರ ಮೊದಲೇ ಹೊಳೆದಿತ್ತು. ಎರಡು ತೂತು ಹಿಂದಕ್ಕೆ ಸರಿಸಿದಾಗ ಅಚ್ಚು 2.72 ಮೀಟರಿಗೆ ಬಂತು. ಟ್ಯಾಂಕನ್ನು ಅಚ್ಚಿನ ಮುಂದಕ್ಕೆ, 2.4 ಮೀಟರಿಗೆ ತಂದೆ. ಕ್ಯಾನುಗಳನ್ನು ಪಕ್ಕದ ಗೋಡೆಗೆ, 2.2ಕ್ಕೆ. ಈಗ ನೀರೂ ಡೀಸೆಲ್ಲೂ ಪೂರ್ತಿ ಇದ್ದಾಗ ಬಾಲಿನ ಮೇಲೆ ಸುಮಾರು 97 ಕೆ.ಜಿ., ಶೇ. 11.5, ಎರಡೂ ಇಲ್ಲದಾಗ ಶೇ. 11. ದಾರಿಯಲ್ಲಿ ಖರ್ಚಾಗುವ ವಸ್ತುಗಳನ್ನು ಅಚ್ಚಿನ ಸಮೀಪದಲ್ಲೇ ಇಡುವುದರಿಂದ ಮೊದಲ ದಿನದ ಗಾಡಿಗೂ ಹತ್ತನೆಯ ದಿನದ ಗಾಡಿಗೂ ನಡತೆಯಲ್ಲಿ ವ್ಯತ್ಯಾಸ ಬರುವುದಿಲ್ಲ. ಹಿಂತುದಿಯಲ್ಲಿ ಭಾರವಿದ್ದರೆ ಓಲಾಟ ಒಮ್ಮೆ ಶುರುವಾದ ಮೇಲೆ ನಿಲ್ಲುವುದೂ ಕಷ್ಟ. ಪ್ರತಿ ಸಲ ಹೊರಡುವ ಮುಂಚೆ, ಬಾಲಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡೊಂದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅದರ ಮೇಲೆ ಕಪ್ಲಿಂಗನ್ನು ಕೂರಿಸಿ ನೋಡುತ್ತೇನೆ. ಎರಡು ನಿಮಿಷದ ಕೆಲಸ.

ವ್ಯಾನಿನವರು ಇಲ್ಲೊಂದು ಮಾತನ್ನು ಗಮನಿಸಬೇಕು. ಬಾಲು ಹಿಂದಿನ ಅಚ್ಚಿಗಿಂತ ಹಿಂದಿರುವುದರಿಂದ ಅದರ ಮೇಲೆ ಬಿದ್ದ ಭಾರ ಸನ್ನೆಗೋಲಿನಂತೆ ಮುಂಭಾಗವನ್ನು ಎತ್ತುತ್ತದೆ. ನನ್ನ ವ್ಯಾನಿನ ಎರಡು ಅಚ್ಚುಗಳ ನಡುವೆ 2.57 ಮೀಟರ್, ಹಿಂದಿನ ಅಚ್ಚಿನಿಂದ ಬಾಲಿಗೆ 1.2 ಮೀಟರ್. ಆದ್ದರಿಂದ ಬಾಲಿನ ಮೇಲಿನ 97 ಕೆ.ಜಿ. ಹಿಂದಿನ ಅಚ್ಚಿಗೆ 142 ಕೆ.ಜಿ. ಆಗುತ್ತದೆ, ಮುಂದಿನ ಅಚ್ಚು 45 ಕೆ.ಜಿ. ಹಗುರಾಗುತ್ತದೆ. ಹಾಸಿಗೆ, ಫ್ರಿಜ್ಜು, ಬ್ಯಾಟರಿ ಎಲ್ಲವೂ ಮೊದಲೇ ಹಿಂದಿನ ಅಚ್ಚಿನ ಮೇಲೆ ಕೂತಿರುವ ಕ್ಯಾಂಪರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ವೇಬ್ರಿಡ್ಜಿಗೆ ಒಯ್ದು ವ್ಯಾನಿನ ಪ್ರತಿ ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸಿದ ಮೇಲೆ ನಾನು ಎರಡನೆಯ ಬ್ಯಾಟರಿಯನ್ನು ಮುಂದಿನ ಸೀಟಿನ ಹಿಂದಕ್ಕೆ ತಂದೆ.

ಸ್ಪ್ರಿಂಗಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಸ್ವತಂತ್ರ ಸಸ್ಪೆನ್ಶನ್ ಈಗಿನ ಫ್ಯಾಷನ್ನು. ನಾನು ಹಾಕಿದ್ದು ಹಳೆಯ ಪಟ್ಟಿ ಸ್ಪ್ರಿಂಗ್, ಅಚ್ಚಿನ ಮೇಲೆ ಕೂರುವಂತೆ, ಜೊತೆಗೆ ಶಾಕ್ ಅಬ್ಸಾರ್ಬರ್. ಒಂದು ಪಟ್ಟಿ ತುಂಡಾದರೆ ಬದಲಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋಗಬಹುದು. ಆದರೆ ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ಮೊದಲು ಹಾಕಿದ ಜೋಡಿ ಪೂರ್ತಿ ಹೊರೆಗೂ 2.5 ಸೆಂಟಿಮೀಟರ್ ಮಾತ್ರ ಬಾಗುತ್ತಿತ್ತು. ಅಷ್ಟು ಬಾಗುವ ಸ್ಪ್ರಿಂಗಿನ ಮೇಲೆ ಪೆಟ್ಟಿಗೆ ಸೆಕೆಂಡಿಗೆ ಮೂರಕ್ಕೂ ಹೆಚ್ಚು ಸಲ ಕುಪ್ಪಳಿಸುತ್ತದೆ. ಅದರ ಎರಡರಷ್ಟು ಬಾಗುವ ಮೆತ್ತನೆಯ ಜೋಡಿ ಹಾಕಿದ ಮೇಲೆ ಅದು ಎರಡರ ಹತ್ತಿರಕ್ಕೆ ಇಳಿಯಿತು. ಮಣ್ಣಿನ ರಸ್ತೆಯಲ್ಲಿ ಟ್ರೇಲರಿನ ಟೈರುಗಳ ಗಾಳಿಯನ್ನೂ ಇಳಿಸಬೇಕು. ಬಿಗಿ ಟೈರು ಪುಟಿಯುವ ಚೆಂಡು.

ಹೊರಗಿನವರಿಗೆ ಗೊತ್ತಾಗದ ಶತ್ರು ಇಲ್ಲಿನ ರಸ್ತೆಯ ಮೇಲ್ಮೈಯಲ್ಲೇ ಇದೆ. ಒಣ ಮಣ್ಣಿನ ರಸ್ತೆ ವಾಹನ ಓಡಾಡಿ ಓಡಾಡಿ ಸಿಮೆಂಟ್ ಶೀಟಿನಂತೆ ಸುಕ್ಕುಗಟ್ಟುತ್ತದೆ. ಸುಕ್ಕುಗಳ ನಡುವೆ ಮುಕ್ಕಾಲು ಮೀಟರಿಗೂ ಕಡಿಮೆ ಅಂತರವಿದ್ದಲ್ಲಿ, ಗಂಟೆಗೆ 70 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ ಇಪ್ಪತ್ತೆಂಟು ಪೆಟ್ಟು. ದಿನವಿಡೀ. ಊಡ್ನಡಾಟಾ ಟ್ರ್ಯಾಕ್ ಎಂಬ, ಹಳೆಯ ಘಾನ್ ರೈಲುಮಾರ್ಗದ ಪಕ್ಕದಲ್ಲಿ ಮರ್ರೀಯಿಂದ ಮಾರ್ಲಾವರೆಗೆ ಸಾಗುವ ಆರುನೂರು ಕಿ.ಮೀ. ದಾರಿಯಲ್ಲಿ ನನಗೆ ಇದರ ಪಾಠವಾಯಿತು. ಕವರ್ಡ್ ಸ್ಪ್ರಿಂಗ್ಸ್ ಎಂಬ ಬಿಡಾರದಲ್ಲಿ ಸಂಜೆ, ವಾಡಿಕೆಯಂತೆ ಹಬ್ಬುಗಳನ್ನು ಮುಟ್ಟಿ ಬಿಸಿ ನೋಡುತ್ತ ಮೂಕಿಯ ಕೆಳಗೆ ಟಾರ್ಚು ಬಿಟ್ಟೆ. ಟ್ರೇಲರ್ ಕಳಚಿ ನಿಲ್ಲಿಸಿದಾಗ ಮೂಕಿಯನ್ನು ಹೊರುವ ಮುಂಗಾಲಿ ಚಕ್ರದ ಬ್ರಾಕೆಟ್ಟನ್ನು ವೆಲ್ಡ್ ಮಾಡಿದ್ದ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ತುಕ್ಕಿನ ಗೆರೆ. ಉಗುರಿನಿಂದ ಕೆರೆದರೆ ಬಣ್ಣ ಎದ್ದು ಬಂತು, ಗೆರೆ ಹೋಗಲಿಲ್ಲ. ಉಕ್ಕು ಬಿರುಕು ಬಿಟ್ಟಿತ್ತು.

ಕಾರಣ ನನ್ನದೇ. ಮೂಕಿಯ ಎರಡು ಕಾಲುಗಳೂ 75×50×3 ಮಿಲಿಮೀಟರಿನ ಕೊಳವೆ. ಗುಂಡಿಗೆ ಬಿದ್ದಾಗ ಭಾರ ಮೂರು ಪಟ್ಟಾಗುತ್ತದೆಂದು ಹಿಡಿದರೂ, ಮೂಕಿ ಪೆಟ್ಟಿಗೆಗೆ ಸೇರುವಲ್ಲಿಯೂ ಒತ್ತಡ ಉಕ್ಕಿನ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲವೆಂದು ಲೆಕ್ಕ ಹೇಳಿತ್ತು. ಲೆಕ್ಕ ಸರಿಯಿತ್ತು, ಕೇಳಿದ ಪ್ರಶ್ನೆ ತಪ್ಪಿತ್ತು. ಒಂದೇ ದೊಡ್ಡ ಹೊಡೆತಕ್ಕೆ ಮುರಿಯದ ಉಕ್ಕು ಲಕ್ಷಾಂತರ ಸಣ್ಣ ಪೆಟ್ಟುಗಳಿಗೆ ದಣಿಯುತ್ತದೆ, ಮತ್ತು ಆ ದಣಿವು ಶುರುವಾಗುವುದು ವೆಲ್ಡಿನ ಅಂಚಿನಲ್ಲಿ. ಹೆಚ್ಚು ಬಲದ ಉಕ್ಕು ಕೊಂಡರೂ ವೆಲ್ಡಿನ ಅಂಚಿನ ಆಯುಸ್ಸು ಹೆಚ್ಚುವುದಿಲ್ಲ. ಮೂಕಿಯ ಕೆಳಮೈ ಸದಾ ಎಳೆತದಲ್ಲಿರುತ್ತದೆ. ನಾನು ಬ್ರಾಕೆಟ್ಟಿನ ತಟ್ಟೆಯನ್ನು ಅಲ್ಲೇ, ಅಡ್ಡಲಾಗಿ ವೆಲ್ಡ್ ಮಾಡಿದ್ದೆ. ಆ ರಾತ್ರಿ ಒಂದು ಆಂಗಲ್ ತುಂಡನ್ನು ಕೊಳವೆಗೆ ಆನಿಸಿ, ಯು ಬೋಲ್ಟುಗಳಿಂದ ಬಿಗಿದು, ಮುರಿದ ಕೈಗೆ ಪುತ್ತೂರು ಕಟ್ಟು ಕಟ್ಟಿದಂತೆ ಕಟ್ಟಿ, ಮರುದಿನ ಸುಮಾರು 130 ಕಿ.ಮೀ. ದೂರದ ಮರ್ರೀಗೆ ಆಮೆಯ ವೇಗದಲ್ಲಿ ವಾಪಸಾದೆವು.

ಎರಡನೆಯ ಮೂಕಿಯಲ್ಲಿ ಕೆಳಮೈಗೂ ಮೇಲ್ಮೈಗೂ ಒಂದೇ ಒಂದು ಅಡ್ಡ ವೆಲ್ಡ್ ಇಲ್ಲ. ಬ್ರಾಕೆಟ್ಟುಗಳೆಲ್ಲ ಬೋಲ್ಟಿನಲ್ಲಿ ಕಚ್ಚುವ ಹಿಡಿಕೆಗಳು; ವೆಲ್ಡ್ ಇರುವಲ್ಲಿ ಅದು ಕೊಳವೆಯ ಪಕ್ಕದಲ್ಲಿ, ಉದ್ದುದ್ದಕ್ಕೆ. ಮೂಕಿಯ ಕಾಲುಗಳು ಪೆಟ್ಟಿಗೆಯ ಮುಂಚೌಕಟ್ಟಿಗೆ ನಿಲ್ಲದೆ ಸ್ಪ್ರಿಂಗಿನ ಮುಂದಿನ ಬ್ರಾಕೆಟ್ಟಿನವರೆಗೂ ಓಡುತ್ತವೆ. ಈ ಸಲ ಬಣ್ಣ ಬಿಟ್ಟು ಸತುವಿನ ಲೇಪ ಮಾಡಿಸಿದೆ. ಅದಕ್ಕೆ ಕಳುಹಿಸುವ ಮುಂಚೆ ಮುಚ್ಚಿದ ಪ್ರತಿ ಕೊಳವೆಗೂ ಗಾಳಿ ಹೋಗುವ ತೂತು ಕೊರೆದಿರಲೇಬೇಕು, ಇಲ್ಲದಿದ್ದರೆ ಕರಗಿದ ಸತುವಿನ ತೊಟ್ಟಿಯಲ್ಲಿ ಅದು ಸಿಡಿಯಬಹುದು. ಸಾಮಾನ್ಯ ಬಾಲ್ ಕಪ್ಲಿಂಗಿನ ಬದಲು ಎಲ್ಲ ದಿಕ್ಕಿಗೂ ತಿರುಗುವ ಆಫ್‌ರೋಡ್ ಕಪ್ಲಿಂಗ್ ಹಾಕಿದ್ದೂ ಆಗಲೇ. ಈ ತೂಕದ ಟ್ರೇಲರಿಗೆ ಒಂದು ಸರಪಳಿ ಸಾಕು, ನಾನು ಎರಡು ಹಾಕಿದ್ದೇನೆ.

ಧೂಳಿನ ಕಾಟವೊಂದು ಉಳಿದಿದೆ. ಮೊದಲ ಪ್ರವಾಸದಲ್ಲಿ ರಾಗಿ ಹಿಟ್ಟಿನ ಡಬ್ಬಿ ತೆರೆದರೆ ಮೇಲೆ ಒಂದು ಪದರ ಕೆಂಪು ಮಣ್ಣು, ಮುದ್ದೆಗೆ ಎಸರಿಟ್ಟು ಕೂತಿದ್ದವರ ಮುಖ ನೋಡುವಂತಿರಲಿಲ್ಲ. ಓಡುವ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸಿಕ್ಕ ಸಂದಿಯಿಂದ ಧೂಳನ್ನು ಒಳಕ್ಕೆ ಎಳೆಯುತ್ತದೆ. ರಬ್ಬರ್ ಪಟ್ಟಿಯನ್ನು ಎರಡು ಸಾಲು ಮಾಡಿದರೂ ಪೂರ್ತಿ ನಿಲ್ಲಲಿಲ್ಲ. ಆಮೇಲೆ ಮುಂಗೋಡೆಯ ಮೇಲ್ಭಾಗದಲ್ಲಿ ಕಾರಿನ ಏರ್ ಫಿಲ್ಟರ್ ಒಂದನ್ನು ಕೂರಿಸಿ, ಸೋಸಿದ ಗಾಳಿ ಒಳಗೆ ನುಗ್ಗಿ ಒತ್ತಡ ಹೆಚ್ಚುವಂತೆ ಮಾಡಿದೆ. ಈಗ ಬಹುಮಟ್ಟಿಗೆ ಪರವಾಗಿಲ್ಲ. ಹಿಟ್ಟಿನ ಡಬ್ಬಿ ಮಾತ್ರ ಇನ್ನೂ ವ್ಯಾನಿನೊಳಗೇ, ಮಗಳ ಕಾಲಡಿಯಲ್ಲಿ ಪ್ರಯಾಣ ಮಾಡುತ್ತದೆ.