ಗೂಗಲ್ ಟ್ರೆಂಡ್ಸ್‌ನಲ್ಲಿ ಚುನಾವಣೆ ಓದುವುದು ಹೇಗೆ?

'ಗೂಗಲ್‌ನಲ್ಲಿ ನಮ್ಮ ನಾಯಕರೇ ನಂಬರ್ ಒನ್, ಗೆಲುವು ಗ್ಯಾರಂಟಿ' ಎಂಬ ಗ್ರಾಫ್ ಚುನಾವಣೆ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ನಂಬುವ ಮೊದಲು ನೀವೇ ತೆಗೆದು ನೋಡಿ. ಜನ ಗೂಗಲ್‌ನಲ್ಲಿ ಯಾವಾಗ ಏನನ್ನು ಹೆಚ್ಚು ಹುಡುಕಿದರು ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ತಾಣ ಎಲ್ಲರಿಗೂ ಪುಕ್ಕಟೆ. ನಮ್ಮ 2023ರ ವಿಧಾನಸಭಾ ಚುನಾವಣೆಯನ್ನೇ ಇಟ್ಟುಕೊಂಡು ಕಲಿಯೋಣ.

ಮೊದಲು ಹೆಸರು. ಕನಕಪುರ ಮತ್ತು ಪದ್ಮನಾಭನಗರ ಎರಡರಲ್ಲೂ ನಿಂತಿದ್ದ ಬಿಜೆಪಿಯ ಆರ್. ಅಶೋಕ ಅವರ ಬಗ್ಗೆ ನೋಡಬೇಕು ಅಂದುಕೊಳ್ಳಿ. ಬರೀ 'ಅಶೋಕ' ಎಂದು ಹಾಕಿದರೆ ಮೌರ್ಯ ಚಕ್ರವರ್ತಿ, ಅಶೋಕ ಮರ ಎಲ್ಲವೂ ಸೇರಿಕೊಳ್ಳುತ್ತವೆ. ಟೈಪ್ ಮಾಡುವಾಗ ಕೆಳಗೆ ತೆರೆಯುವ ಪಟ್ಟಿಯಲ್ಲಿ ರಾಜಕಾರಣಿ ಎಂಬ ಗುರುತು ಇದ್ದರೆ ಅದನ್ನೇ ಆರಿಸಿ. ಆಗ ಕನ್ನಡದಲ್ಲಿ ಹುಡುಕಿದ್ದು, ಇಂಗ್ಲಿಷ್‌ನಲ್ಲಿ ಹುಡುಕಿದ್ದು, ಕಾಗುಣಿತ ತಪ್ಪಿದ್ದು ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಹೋಲಿಸುವಾಗ ಎಲ್ಲ ಹೆಸರನ್ನೂ ಹೀಗೇ ಆರಿಸಬೇಕು.

ಜಾಗ ಕರ್ನಾಟಕ ಇರಲಿ. ಅವಧಿ 2023ರ ಏಪ್ರಿಲ್ 1ರಿಂದ ಮೇ 20.

ಈಗ ಗ್ರಾಫ್. ಹೆಚ್ಚಿನವರು ಎಡವುವುದು ಇಲ್ಲೇ. 100 ಅಂದರೆ ನೂರು ಜನ ಅಲ್ಲ, ನೂರು ವೋಟಂತೂ ಅಲ್ಲವೇ ಅಲ್ಲ. ಆ ಜಾಗದ ಒಟ್ಟು ಹುಡುಕಾಟದಲ್ಲಿ ಹೆಸರಿನ ಪಾಲು ಅತಿ ಜಾಸ್ತಿ ಇದ್ದ ದಿನಕ್ಕೆ 100 ಕೊಡುತ್ತಾರೆ. 50 ಇದ್ದರೆ ಆ ಪಾಲಿನ ಅರ್ಧ. 0 ಇದ್ದರೆ ಲೆಕ್ಕಕ್ಕೆ ಸಾಲುವಷ್ಟು ಹುಡುಕಾಟ ಇಲ್ಲ ಎಂದರ್ಥ. ಅವಧಿ ಬದಲಿಸಿದರೆ ಅಂಕಿಯೂ ಬದಲಾಗುತ್ತದೆ. ಮತದಾನ ನಡೆದದ್ದು ಮೇ 10, ಫಲಿತಾಂಶ ಮೇ 13. ಅವಧಿಯನ್ನು ಮೇ 9ಕ್ಕೇ ನಿಲ್ಲಿಸಿ ಇನ್ನೊಮ್ಮೆ ನೋಡಿ. ಫಲಿತಾಂಶದ ಗದ್ದಲ ಹೊರಗುಳಿದು ಪ್ರಚಾರದ ದಿನಗಳ ಸಣ್ಣ ಏರಿಳಿತವೂ ಕಣ್ಣಿಗೆ ಬೀಳುತ್ತದೆ.

ಏರಿಕೆ ಕಂಡರೆ ಆ ದಿನದ ಪತ್ರಿಕೆ ತೆಗೆಯಿರಿ. ಏಪ್ರಿಲ್ 17ರಂದು ಜಗದೀಶ ಶೆಟ್ಟರ್ ಕಾಂಗ್ರೆಸ್ ಸೇರಿದರು. ಬಿಜೆಪಿಯ ಮಾಜಿ ಮುಖ್ಯಮಂತ್ರಿಯೇ ಪಕ್ಷ ಬಿಟ್ಟರೆ ಯಾರಿಗೆ ಕುತೂಹಲ ಇರಲ್ಲ? ಆದರೂ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಅವರು ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು ಸೋತರು. ಹುಡುಕುವವರಲ್ಲಿ ಮೆಚ್ಚುವವರು, ಬೈಯುವವರು, ಸುಮ್ನೆ ನೋಡುವವರು ಎಲ್ಲರೂ ಇರುತ್ತಾರೆ ಅಲ್ವಾ? ಅದರಲ್ಲಿ ಆ ಕ್ಷೇತ್ರದ ಮತದಾರರು ಎಷ್ಟು ಎಂದು ಟ್ರೆಂಡ್ಸ್ ಬೇರೆ ಮಾಡಿ ತೋರಿಸುವುದಿಲ್ಲ. ಫೋನ್ ಹಿಡಿದು ಹುಡುಕದ ಅಜ್ಜಿಯ ವೋಟು ಇಲ್ಲಿ ಕಾಣುವುದೇ ಇಲ್ಲ.

ನನ್ನ ಮಟ್ಟಿಗೆ ನಿಜವಾದ ಮಾಹಿತಿ ಇರುವುದು ಗ್ರಾಫ್‌ನ ಕೆಳಗೆ. ಅದೇ ಜನ ಇನ್ನೇನು ಹುಡುಕಿದರು ಎಂಬ ಪಟ್ಟಿ ಅಲ್ಲಿರುತ್ತದೆ. 'ಬ್ರೇಕ್‌ಔಟ್' ಎಂದಿದ್ದರೆ ಆ ಹುಡುಕಾಟ ಶೇ 5,000ಕ್ಕಿಂತ ಜಾಸ್ತಿ ಏರಿದೆ. ಹೆಸರಿನ ಜೊತೆ 'ಆಸ್ತಿ' ಬಂದಿದ್ದರೆ ಜನ ಅಭ್ಯರ್ಥಿ ಆಸ್ತಿ ಘೋಷಿಸುವ ಅಫಿಡವಿಟ್ ಕಡೆ ನೋಡುತ್ತಿರಬಹುದು. 'ಜಾತಿ' ಬಂದಿದ್ದರೆ ಅದೂ ನಮ್ಮ ಊರಿನ ವಾಸ್ತವವೇ, ಮುಚ್ಚಿಡದೆ ಬರೆದುಕೊಳ್ಳಿ. ಆಮೇಲೆ ನಾಯಕರ ಹೆಸರಿನ ಪಕ್ಕದಲ್ಲಿ 'ಗೃಹಲಕ್ಷ್ಮಿ', 'ಕರೆಂಟ್ ಬಿಲ್' ಎಂದು ಸೇರಿಸಿ. ಒಟ್ಟು ಐದರವರೆಗೆ ಹಾಕಬಹುದು. ತಿಂಗಳಿಗೆ 2,000 ರೂಪಾಯಿಯ ಯೋಜನೆ ಮತ್ತು ನಾಯಕರು, ಇವೆರಡರಲ್ಲಿ ಯಾವ ಗೆರೆ ಯಾವ ವಾರ ಮೇಲಿದೆ ಎಂದು ನೋಡಿ.